ಎಡದ್ದು, ಬಲದ್ದು

ಸೆಪ್ಟೆಂಬರ್ 23, 2024, ಸೋಮವಾರ

ಬೆಳಗಿನ ಮೀಟಿಂಗಿನಲ್ಲಿ ಮೇಜಿನ ಮೇಲೆ ಎರಡು ಶೀಟು. ಒಂದು ಪ್ರೆಸ್ ಶಾಪಿನ ಶೆಡ್ಯೂಲು, ಇನ್ನೊಂದು ಪರ್ಚೇಸಿನವರ ಮೆಟೀರಿಯಲ್ ಪ್ಲಾನು. ಬೇರೆ ಬೇರೆ ನೋಡಿದರೆ ಎರಡೂ ಸರಿಯೇ. ಹೊರಗೆ ಡಿಸ್ಪ್ಯಾಚಿನಲ್ಲಿ ಎಡ ಬ್ರ್ಯಾಕೆಟ್ ತುಂಬಿದ ಬಿನ್ನುಗಳು ಎದೆಮಟ್ಟ ಪೇರಿಸಿವೆ. ಬಲದ್ದು ಒಂದೂ ಇಲ್ಲ. ಕಾರಿಗೆ ಎರಡೂ ಬೇಕು, ಜೋಡಿ ಆಗದೆ ಮಾಲು ಗೇಟು ದಾಟುವುದಿಲ್ಲ. ಡೈ ಕೂರಿಸಲು ಅರ್ಧ ಶಿಫ್ಟ್ ಹೋಗುತ್ತದೆ, ಅದಕ್ಕೇ ಪ್ರೆಸ್ ಶಾಪಿನವರು ಕೂರಿಸಿದ ಮೇಲೆ ವಾರದ ಮಾಲೆಲ್ಲ ಹೊಡೆದೇ ಇಳಿಸುತ್ತಾರೆ. ಅವರನ್ನು ದೂರುವುದು ಅನ್ಯಾಯ. ಅವರ ಕೆಲಸವನ್ನು ನಾವು ಅಳೆಯುತ್ತಿರುವುದೇ ಪ್ರೆಸ್ ಹೊಡೆದ ಸ್ಟ್ರೋಕಿನ ಲೆಕ್ಕದಲ್ಲಿ. ಇನ್ನು ಮೇಲೆ ದಿನಕ್ಕೆ ಎಷ್ಟು ಜೋಡಿ ಹೊರಗೆ ಹೋಯಿತು ಎಂದು ಬರೆಯೋಣ ಅಂದೆ.

ಸೆಪ್ಟೆಂಬರ್ 26, ಗುರುವಾರ

ಪೀಣ್ಯದಲ್ಲೇ ಇರುವ ನಮಗೆ ಪ್ಲೇಟಿಂಗ್ ಮಾಡಿಕೊಡುವವರ ಶೆಡ್ಡಿಗೆ ಹೋಗಿದ್ದೆ. ಹೆಂಗಸರು ಒಂದೊಂದೇ ಬ್ರ್ಯಾಕೆಟ್ ಎತ್ತಿ, ಅದರ ತೂತಿಗೆ ಜಿಗ್‌ನ ಕೊಕ್ಕೆ ಸಿಕ್ಕಿಸುತ್ತಾರೆ. ಜಿಗ್ ತುಂಬಿದ ಮೇಲೆ ಎಣ್ಣೆ ತೊಳೆಯುವ ಟ್ಯಾಂಕು, ಆಸಿಡ್, ನೀರು, ಜಿಂಕ್, ಮತ್ತೆ ನೀರು, ಪ್ಯಾಸಿವೇಷನ್, ಕೊನೆಗೆ ಡ್ರೈಯರ್. ಕೊಕ್ಕೆಗಳೆಷ್ಟೋ ವೇಗ ಅಷ್ಟೇ.

"ವಾರವೆಲ್ಲ ಟ್ಯಾಂಕ್ ಖಾಲಿ ಸಾರ್," ಅಂದರು ಮಾಲೀಕರು. "ಶನಿವಾರ ಸಂಜೆ ನಿಮ್ಮ ಟೆಂಪೋ ಬರುತ್ತೆ, ಸೋಮವಾರ ಬೆಳಿಗ್ಗೇನೇ ಬೇಕು ಅಂತೀರಿ. ಭಾನುವಾರ ಇವರನ್ನೆಲ್ಲ ಹೇಗೆ ಕರೀಲಿ?"

ನಮ್ಮ ಸಿಸ್ಟಮ್ಮಿನಲ್ಲಿ ಪ್ಲೇಟಿಂಗ್ ಎಂದರೆ 2 ದಿನ. ನೂರು ಪೀಸಾದರೂ 2, ಹತ್ತು ಸಾವಿರವಾದರೂ 2. ಎಂಆರ್‌ಪಿ (ಮೆಟೀರಿಯಲ್ ರಿಕ್ವೈರ್ಮೆಂಟ್ಸ್ ಪ್ಲಾನಿಂಗ್) ಬಗ್ಗೆ ಜೋಸೆಫ್ ಓರ್ಲಿಕಿ 1975ರಲ್ಲಿ ಪುಸ್ತಕ ಬರೆದ ಕಾಲದಿಂದಲೂ ಆ ಲೆಕ್ಕದ ಬುಡ ಒಂದೇ: ಏನು ಬೇಕು, ಎಷ್ಟು, ಯಾವತ್ತಿಗೆ. ಮಾಡುವವರ ಕೈ ಆ ವಾರ ಖಾಲಿ ಇದೆಯೇ ಎಂದು ಅದು ತಾನಾಗಿ ಕೇಳುವುದಿಲ್ಲ. ಪ್ರೊಡಕ್ಷನ್ ಪ್ಲಾನಿಂಗಿನಲ್ಲಿ (ಪಿಪಿಸಿ) ಕೂತ ನಾವು ಕೇಳಬೇಕು. ಆ ಭಾನುವಾರಗಳ ವಿಷಯ ಮನಸ್ಸಿಗೆ ತುಂಬಾ ಕಷ್ಟವಾಯಿತು.

ಅಕ್ಟೋಬರ್ 1, ಮಂಗಳವಾರ

ಡೈ ಸೆಟ್ಟಿಂಗ್ ನಿಂತು ನೋಡಿದೆ. ಬೋಲ್ಟು, ಪ್ಯಾಕಿಂಗ್ ಹುಡುಕುವುದರಲ್ಲೇ ಬಹಳ ಹೊತ್ತು ಹೋಗುತ್ತದೆ, ಅಷ್ಟೂ ಹೊತ್ತು ಪ್ರೆಸ್ ನಿಂತಿರುತ್ತದೆ. 1969ರ ಸುಮಾರಿಗೆ ಟೊಯೋಟಾದ 1,000 ಟನ್ ಪ್ರೆಸ್ಸಿನಲ್ಲಿ 4 ಗಂಟೆಯ ಡೈ ಬದಲಾವಣೆಯನ್ನು ಎಂಜಿನಿಯರ್ ಶಿಗಿಯೊ ಶಿಂಗೊ ಮೊದಲು 90 ನಿಮಿಷಕ್ಕೆ, ಆಮೇಲೆ 3 ನಿಮಿಷಕ್ಕೆ ಇಳಿಸಿದ್ದರು. ಪ್ರೆಸ್ ಓಡುತ್ತಿರುವಾಗಲೇ ಮಾಡಬಹುದಾದ ಕೆಲಸವನ್ನೆಲ್ಲ ಮುಂಚೆಯೇ ಮುಗಿಸಿಡುವುದು ಅದರ ಗುಟ್ಟು. ನಮಗೆ ಅಷ್ಟು ಬೇಡ. ಒಂದು ಗಂಟೆಗೆ ಬಂದರೂ ದಿನ ಬಿಟ್ಟು ದಿನ ಎಡ, ಬಲ ಹೊಡೆಯಬಹುದು, ಪ್ಲೇಟಿಂಗಿಗೆ ದಿನಾ ಒಂದು ಟೆಂಪೋ ಹೋಗುತ್ತದೆ. ಟ್ರಾಲಿ ಮೇಲೆ ಡೈ, ಬೋಲ್ಟು, ಸ್ಪ್ಯಾನರ್ ಎಲ್ಲ ಹಿಂದಿನ ಶಿಫ್ಟಿನಲ್ಲೇ ಸಿದ್ಧವಿರಬೇಕು ಎಂದು ಹೇಳಿ ಬಂದೆ.

ಅಕ್ಟೋಬರ್ 4, ಶುಕ್ರವಾರ

ಕಸ್ಟಮರ್ ಮುಂದಿನ ತಿಂಗಳ ಟೆಂಟೆಟಿವ್ ಆರ್ಡರನ್ನು ಸ್ವಲ್ಪ ಇಳಿಸಿದ್ದಾರೆ. ಅಷ್ಟಕ್ಕೇ ಪರ್ಚೇಸಿನವರು ತಗಡಿನ ಕಾಯಿಲ್ ಆರ್ಡರನ್ನು ಅರ್ಧಕ್ಕೆ ತಂದುಬಿಟ್ಟರು! ಮಕ್ಕಳ ಡೈಪರ್ ವ್ಯಾಪಾರದಲ್ಲಿ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಡದ್ದೂ ಇದನ್ನೇ. ಬಳಸುವ ಮಕ್ಕಳ ಸಂಖ್ಯೆ ಅಷ್ಟೇ ಇದ್ದರೂ ಅಂಗಡಿಯಿಂದ ಹಿಂದೆ ಹಿಂದೆ ಹೋದಂತೆ ಆರ್ಡರಿನ ಏರಿಳಿತ ಜೋರಾಗುತ್ತಿತ್ತು. ಕಾಯಿಲನ್ನು ನಮ್ಮ ಅಗಲಕ್ಕೆ ಸೀಳಿಸಲು ಸರತಿ ಇದೆ. ಇವತ್ತು ಬಿಟ್ಟ ಸರತಿ ನಾಳೆ ಸಿಗದು. ಆರ್ಡರನ್ನು ಮೊದಲಿನಷ್ಟೇ ಉಳಿಸಿದೆವು.

ಅಕ್ಟೋಬರ್ 10, ಗುರುವಾರ

ನಾಳೆ ಆಯುಧಪೂಜೆ. ಕಲಬುರಗಿ, ರಾಯಚೂರಿನ ಹುಡುಗರು ಪೂಜೆ ಮುಗಿಸಿ ರಾತ್ರಿ ಬಸ್ಸು ಹಿಡಿಯುತ್ತಾರೆ. ಸೋಮವಾರ ಪೂರ್ತಿ ಜನ ಇರುವುದಿಲ್ಲ ಎಂದು ಶೆಡ್ಯೂಲಿನಲ್ಲೇ ಬರೆದು, ಬಲ ಬ್ರ್ಯಾಕೆಟನ್ನು ಈ ವಾರವೇ ಹೊಡೆಸಿದ್ದೆವು. ಸೆಟ್ಟಿಂಗ್ ಒಂದೂಕಾಲು ಗಂಟೆಗೆ ಬಂದಿದೆ. ಪ್ಲೇಟಿಂಗಿನವರಿಗೂ ದಿನಾ ಮಾಲು ಹೋಯಿತು, ಭಾನುವಾರ ಅವರ ಶೆಡ್ಡು ಬಾಗಿಲು ಹಾಕುತ್ತದೆ.

ಸಂಜೆ ಕಸ್ಟಮರ್ ಫೋನು: 14ರ ವಾರಕ್ಕೆ ಇನ್ನಷ್ಟು ಸೇರಿಸಿ ಎಂದು. ಆ ವಾರ ಲಾಕ್ ಆಗಿದೆ, ಸೇರಿಸುವುದಿದ್ದರೆ 21ರ ವಾರಕ್ಕೆ ಕೊಡುತ್ತೇವೆ ಅಂದೆ. ಸ್ವಲ್ಪ ಗೊಣಗಿದರು, ಆಮೇಲೆ ಮೇಲ್ ಕಳಿಸುತ್ತೇನೆ ಅಂದರು. ಮೇಲ್ ಬಂದ ಕೂಡಲೇ ಪರ್ಚೇಸಿಗೂ ಪ್ಲೇಟಿಂಗಿಗೂ ಕಳಿಸಬೇಕು.