ಐದನೇ ಗೇರಿನ ಅನುಮಾನ

ಮಾರ್ಚ್ 3, 2024. ಭಾನುವಾರ, ರಾತ್ರಿ

ವುಡ್‌ಸೈಡ್ ಕಡೆಯಿಂದ ಬರುತ್ತಾ 280 ಹೆದ್ದಾರಿಯ ಏರಿನಲ್ಲಿ ಐದನೇ ಗೇರು, ಆಕ್ಸಿಲರೇಟರ್ ಪೂರ್ತಿ. ಆರ್‌ಪಿಎಂ ಮುಳ್ಳು 3,000ದಿಂದ 4,000ಕ್ಕೆ ಜಿಗಿಯಿತು. ವೇಗ ಇದ್ದಷ್ಟೇ. ಇನ್ನೊಮ್ಮೆ ನೋಡಿದೆ, ಅದೇ. ಎರಡು, ಮೂರರಲ್ಲಿ ಏನೂ ಇಲ್ಲ. ಜಾರುವುದು ಶುರುವಾಗುವುದೇ ಮೇಲಿನ ಗೇರಿನಲ್ಲಿ. ಕ್ಲಚ್ ಹೋಯಿತು. ಮನೆಯಲ್ಲಿ ಹೇಳಿಲ್ಲ.

ಮಾರ್ಚ್ 5

ಸಕಲೇಶಪುರಕ್ಕೆ ಫೋನ್. ಚಿಕ್ಕಪ್ಪ ಶಿರಾಡಿ ಘಾಟಿಯಲ್ಲಿ ಲಾರಿ ಓಡಿಸಿದವರು. "ಹಾಫ್ ಕ್ಲಚ್ಚಲ್ಲಿ ನಿಲ್ಲಿಸ್ತೀಯೇನೋ?" ಇಲ್ಲ ಅಂದೆ. "ಎಲ್ಲರೂ ಅನ್ನೋದು ಅದೇ."

ನನ್ನ ಗಾಡಿ 2003ರ ಬಾಕ್‌ಸ್ಟರ್. ನನಗಿಂತ ಮುಂಚೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿತ್ತು. ಫಿಲ್ಬರ್ಟ್ ರಸ್ತೆಯ ಒಂದು ತುಂಡು ಶೇ. 31.5ರ ಏರು. ಅಂಥ ಊರು. ಸವೆಸಿದ್ದು ಹಳೇ ಮಾಲೀಕನೇ ಇರಬೇಕು. ಇರಬಹುದು. 880ರ ಸಂಜೆಯ ಟ್ರಾಫಿಕ್ ಮಾತ್ರ ನನ್ನ ಲೆಕ್ಕಕ್ಕೆ.

ಮಾರ್ಚ್ 9, ಶನಿವಾರ

ಗ್ಯಾರೇಜು. ಪ್ಲೇಟಿಗಿಂತ ಕೂಲಿ ದೊಡ್ಡದು. ಸೀಟಿನ ಹಿಂದೆ ಎಂಜಿನ್, ಅದರ ಹಿಂದೆ ಗೇರ್‌ಬಾಕ್ಸ್. ಡ್ರೈವ್‌ಶಾಫ್ಟ್ ಬಿಚ್ಚಿ ಅದನ್ನು ಕೆಳಗಿಳಿಸಬೇಕು. "ಹೇಗೂ ಬಿಚ್ತೀವಲ್ಲ" ಎಂದು ಪಟ್ಟಿ ಬೆಳೆಯಿತು. ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್, ಕ್ರ್ಯಾಂಕಿನ ಹಿಂಬದಿಯ ಆಯಿಲ್ ಸೀಲ್. ಫ್ಲೈವೀಲನ್ನು ಮೆಕ್ಯಾನಿಕ್ ನೋಡಿ ಹೇಳುತ್ತಾನಂತೆ. ಕೊನೆಗೆ ಐಎಂಎಸ್ ಬೇರಿಂಗ್. ಅದು ಬರುತ್ತದೆಂದು ಗೊತ್ತಿತ್ತು.

ಅದೇ ರಾತ್ರಿ, 2 ಗಂಟೆ

ಕ್ರ್ಯಾಂಕಿನ ತಿರುಗಾಟವನ್ನು ಕ್ಯಾಮ್‌ಗಳಿಗೆ ಮುಟ್ಟಿಸುವ ಇಂಟರ್‌ಮೀಡಿಯೆಟ್ ಶಾಫ್ಟ್. ಅದರ ತುದಿಯಲ್ಲಿ ಸೀಲ್ ಮಾಡಿದ ಒಂದು ಬೇರಿಂಗ್. ಸೀಲ್ ಸೋತರೆ ಒಳಗಿನ ಗ್ರೀಸ್ ತೊಳೆದುಹೋಗುತ್ತದೆ, ಹೊಸ ಎಣ್ಣೆ ನೆಟ್ಟಗೆ ಸಿಗುವುದಿಲ್ಲ. ಮುರಿದರೆ ಟೈಮಿಂಗ್ ತಪ್ಪಿ ಪಿಸ್ಟನ್ನಿಗೆ ವಾಲ್ವ್ ಬಡಿದು ಎಂಜಿನ್ನೇ ಮುಗಿಯುತ್ತದೆ. ಹೆಚ್ಚಿನವು ಮುರಿಯುವುದಿಲ್ಲ. 2009ರ ಹೊಸ ಎಂಜಿನ್ನಿನಲ್ಲಿ ಆ ಶಾಫ್ಟನ್ನೇ ಕೈಬಿಟ್ಟರು. ನನ್ನದು 2003.

ಗಾಡಿಯ ಬೆಲೆಯಲ್ಲಿ ಎಷ್ಟು ಪಾಲು ರಿಪೇರಿಗೆ, ಎಂದು ಹೆಂಡತಿ ಕೇಳಿದಳು. ಹಲ್ಲುಜ್ಜಲು ಹೋದೆ.

ಮಾರ್ಚ್ 16

ಗ್ಯಾರೇಜಿನಲ್ಲಿ ನಮ್ಮ ಸರದಿ ತಿಂಗಳ ಕೊನೆಗೆ. ಹೋಗುವ ಕ್ಲಚ್ ತಾನೇ, ಮಗಳಿಗೆ ಇದರಲ್ಲೇ ಕಲಿಸೋಣ ಅನ್ನಿಸಿತು. ಶಾಲೆಯ ಪಾರ್ಕಿಂಗ್ ಖಾಲಿ.

"ಅಪ್ಪಾ, ಇದನ್ನ ದಿನಾ ಹೇಗೆ ಒತ್ತುತ್ತೀಯಾ?"

ಗಟ್ಟಿಯಾಗಿದೆಯೇ? ನನಗೆ ಅನ್ನಿಸಿಯೇ ಇರಲಿಲ್ಲ. ಪ್ಲೇಟ್ ಸವೆದಂತೆ ಡಯಾಫ್ರಮ್ ಸ್ಪ್ರಿಂಗಿನ ಕೋನ ಬದಲಾಗುತ್ತದೆ, ಪೆಡಲ್ ಬಿಗಿಯಾಗುತ್ತದೆ. ವರ್ಷಗಟ್ಟಲೆ, ಒಂದೊಂದೇ ತೂಕ. ಕಾಲು ಸುಮ್ಮನೆ ಹೊತ್ತಿದೆ. ಮೊಣಕಾಲು ನೋವಿಗೆ ವಯಸ್ಸು ಅಂದುಕೊಂಡಿದ್ದೆ. ವಯಸ್ಸೂ ಇರಬಹುದು.

ಎಂಜಿನ್ ಆಫ್. ಮತ್ತೆ ಆಫ್. ಆಮೇಲೆ ಒಂದು ಸಲ ನಯವಾಗಿ ಹೊರಟಳು, ಕಿರುಚಿದಳು, ಸ್ಟೀರಿಂಗ್ ಮರೆತಳು. ಸುಟ್ಟ ವಾಸನೆ. ಮೊದಲ ಸಲ ಆ ವಾಸನೆಗೆ ನನ್ನ ಹೊಟ್ಟೆ ಉರಿಯಲಿಲ್ಲ.

ಮಾರ್ಚ್ 27, ಬುಧವಾರ

ಲಿಫ್ಟಿನ ಕೆಳಗೆ ಕರೆದು ತೋರಿಸಿದ. ಪ್ಲೇಟ್ ರಿವೆಟ್‌ವರೆಗೆ ಸವೆದಿದೆ. ಪ್ರೆಷರ್ ಪ್ಲೇಟಿನ ಮೇಲೆ ಕಾದ ನೀಲಿ ಕಲೆಗಳು. ಫ್ಲೈವೀಲನ್ನು ಅಲುಗಿಸಿ ನೋಡಿ, ಇನ್ನೊಂದು ಕ್ಲಚ್ ತಾಳುತ್ತದೆ ಎಂದ. ಆಯಿಲ್ ಫಿಲ್ಟರ್ ಕತ್ತರಿಸಿ ಬಿಡಿಸಿದ. ಲೋಹದ ಚೂರಿಲ್ಲ.

ತೆಗೆದ ಬೇರಿಂಗನ್ನು ಕೈಗೆ ಕೊಟ್ಟ. ತಿರುಗಿಸಿದೆ. ನುಣ್ಣಗೆ, ಸದ್ದಿಲ್ಲದೆ. ಚೆನ್ನಾಗಿದ್ದದ್ದನ್ನು ಕೀಳಿಸಿದೆನೇ? ಬಿಟ್ಟಿದ್ದರೆ ಮುಂದಿನ ತಿಂಗಳು ಮುರಿಯುತ್ತಿತ್ತೇ? ತಿಳಿಯುವ ದಾರಿಯನ್ನು ದುಡ್ಡು ಕೊಟ್ಟು ಮುಚ್ಚಿಸಿದ್ದೇನೆ.

ಸವೆಸಿದ್ದು ಯಾರಿರಬಹುದು ಎಂದೂ ಕೇಳಿದೆ. ಅವನು ಭುಜ ಕುಣಿಸಿದ.

ಮಾರ್ಚ್ 30

ಪೆಡಲ್ ಎಷ್ಟು ಹಗುರ ಅಂದರೆ ಏನೋ ಬಿಟ್ಟುಹೋಗಿದೆ ಅನ್ನಿಸುತ್ತದೆ. ಕಾಲು ಹಳೇ ಬಲವನ್ನೇ ಹಾಕುತ್ತದೆ. ಮೊದಲ ಸಿಗ್ನಲ್ಲಿನಲ್ಲೇ ಎಂಜಿನ್ ಆಫ್, ಹಿಂದಿನವನ ಹಾರ್ನ್. ಮಗಳಿಗೆ ಹೇಳುವುದಿಲ್ಲ.

ಏಪ್ರಿಲ್ 4, ಗುರುವಾರ

ಹೊಸ ಪ್ಲೇಟ್ ಕೂರಬೇಕಾದರೆ ಕೆಲವು ನೂರು ಮೈಲಿ ಸೌಮ್ಯವಾಗಿ ಓಡಿಸಬೇಕಂತೆ. ನಿಂತು ಹೊರಡುವ ಊರ ಓಡಾಟವೇ ಒಳ್ಳೆಯದಂತೆ. ಬೇಕೆಂದೇ ಸಂಜೆ ಐದೂವರೆಗೆ ಆಫೀಸು ಬಿಟ್ಟು 880 ಹಿಡಿದೆ. ಹೇವರ್ಡ್‌ವರೆಗೆ ತೆವಳಿದೆ. ಯಾರನ್ನೂ ಬೈಯಲಿಲ್ಲ.

ಮಗಳು ಬಾಗಿಲಲ್ಲೇ ಕೇಳಿದಳು, ಶನಿವಾರ ಕ್ಲಾಸಾ ಅಂತ. 500 ಮೈಲಿ ಆಗಲಿ ಅಂದೆ. "ಹಾಳಾದ್ದು ನನಗೆ, ಹೊಸದು ನಿನಗಾ?" ನಗುತ್ತಲೇ ಅಂದಳು, ಆದರೆ ಉತ್ತರಕ್ಕೆ ಕಾದಳು. ಚಿಕ್ಕಪ್ಪನನ್ನು ಕೇಳಿ ಹೇಳ್ತೀನಿ ಅಂದೆ. ಅವರಿಗಿನ್ನೂ ಬಿಲ್ಲಿನ ಮೊತ್ತ ಹೇಳಿಲ್ಲ.