ಘಾಟಿ ದಾರಿಯಲ್ಲೊಂದು ಹಸಿರು ಹಾಸು

ದೊಡ್ಡಬಳ್ಳಾಪುರದಿಂದ ಘಾಟಿ ಸುಬ್ರಹ್ಮಣ್ಯಕ್ಕೆ ಹೋಗುವವರು ದೇವರ ದರ್ಶನ ಮುಗಿಸಿ, ಮಾಕಳಿದುರ್ಗದ ಬೆಟ್ಟದ ಫೋಟೋ ತೆಗೆದುಕೊಂಡು ವಾಪಸ್ ಬಂದುಬಿಡ್ತಾರೆ. ನಾವೂ ಅಷ್ಟೇ. ಈ ಸಲ ಮಾತ್ರ ತೂಬಗೆರೆ ಕಡೆಯ ನನ್ನ ತವರಿನಲ್ಲಿ ಎರಡು ದಿನ ಉಳಿದೆ.

ನಮ್ಮ ಕಡೆ ರಾಗಿಯೇ ಹೆಚ್ಚು. ಭತ್ತ ಏನಿದ್ದರೂ ಕೆರೆ ಕೆಳಗಿನ ಅಚ್ಚುಕಟ್ಟಿನಲ್ಲಿ, ಅದೂ ಕೆರೆ ತುಂಬಿದ ವರ್ಷ. ಅಪ್ಪ ಇದ್ದಾಗ ಹೊಂಗೆ ಸೊಪ್ಪು ಕಡಿದು ತಂದು ಕೆಸರಿಗೆ ತುಳಿಸುತ್ತಿದ್ದರು. ಆಮೇಲೆ ಯೂರಿಯಾ ಬಂತು, ಬದುವಿನ ಹೊಂಗೆ ಮರಗಳೂ ಹೋದವು. "ಹಾಕಿದ ಖರ್ಚೇ ಹುಟ್ಟಲ್ಲ, ಗದ್ದೆ ಬೀಳು ಬಿಡೋಣ" ಅಂತ ಅಣ್ಣ ಎರಡು ವರ್ಷದಿಂದ ಹೇಳ್ತಿದ್ದ.

ಈಗ ನೋಡಿದರೆ ಪೈರಿನ ಸಾಲುಗಳ ಮಧ್ಯೆ ನೀರೇ ಕಾಣದಷ್ಟು ಹಸಿರು! ಪಾಚಿ ಕಟ್ಟಿದೆ ಅಂದುಕೊಂಡೆ.

"ಪಾಚಿ ಅಲ್ಲ ಕಣಮ್ಮ, ಅಜೋಲಾ. ಹಸೂಗೆ ಹಾಕ್ತಿದ್ನಲ್ಲ, ಅದನ್ನೇ ಗದ್ದೆಗೂ ಬಿಟ್ಟೆ" ಅಂದರು ಅತ್ತಿಗೆ.

ಹಾಡೋನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿಕೊಂಡು ಬಂದು ಕೊಟ್ಟಿಗೆ ಪಕ್ಕ ಗುಂಡಿ ಮಾಡಿದ್ದರಂತೆ. ಪ್ಲಾಸ್ಟಿಕ್ ಶೀಟು, ಜರಡಿ ಹಿಡಿದ ಮಣ್ಣು, ಸಗಣಿ ಬಗ್ಗಡ, ಚೂರು ಸೂಪರ್ ಫಾಸ್ಫೇಟ್, ಗೇಣಿಗಿಂತ ಕಡಿಮೆ ನೀರು. ಮೊದಲನೇ ಸಲ ನೆರಳು ಕಟ್ಟದೆ ಬೇಸಿಗೆ ಬಿಸಿಲಿಗೆ ಕೆಂಪಾಗಿ ಸತ್ತುಹೋಯಿತು. ಎರಡನೇ ಸಲ ಗದ್ದೆಗೆ ಬಿಟ್ಟಾಗ, ಯಾರೋ ತೂಬು ಎತ್ತಿ, ಅಷ್ಟೂ ತೇಲಿಕೊಂಡು ಪಕ್ಕದವರ ಗದ್ದೆಗೆ! "ಅವ್ರಿಗೆ ಪುಕ್ಕಟೆ ಗೊಬ್ಬರ" ಅಂತ ಅತ್ತಿಗೆಗೆ ಇನ್ನೂ ಸಿಟ್ಟು.

ಇದು ನೀರಿನ ಮೇಲೆ ತೇಲುವ ಪುಟ್ಟ ಜರೀಗಿಡ. ಎಲೆಯ ಪೊಳ್ಳಿನೊಳಗೆ ಅನಾಬೀನಾ ಎಂಬ ನೀಲಿ ಹಸಿರು ಪಾಚಿ ಬಿಡಾರ ಹೂಡಿರುತ್ತದೆ (ನಾನು ಹೇಳಿದ್ದು ಪೂರ್ತಿ ತಪ್ಪೇನಲ್ಲ!). ಗಾಳಿಯ ಸಾರಜನಕವನ್ನು ಹಿಡಿದುಕೊಡುವುದು ಅದೇ. ಚೀನಾ, ವಿಯೆಟ್ನಾಂ ರೈತರಿಗೆ ಇದು ನೂರಾರು ವರ್ಷಗಳ ಹಳೇ ಗೊಬ್ಬರ. ಆದರೆ ಸುಮ್ಮನೆ ತೇಲುತ್ತಿದ್ದರೆ ಪೈರಿಗೆ ಸಿಗುವುದು ಕಡಿಮೆ. ನೀರು ಬಸಿದು ಕೆಸರಿಗೆ ತುಳಿಯಬೇಕು, ಅಲ್ಲಿ ಕೊಳೆತ ಮೇಲೆಯೇ ಅದರ ಸಾರ ಬೇರಿಗೆ. ಮರುದಿನ ನಾನೂ ಸೀರೆ ಎತ್ತಿ ಕಟ್ಟಿ ತುಳಿದೆ. ಅಪ್ಪ ಸೊಪ್ಪು ತುಳಿಸುತ್ತಿದ್ದ ಅದೇ ಮೂಲೆ.

ಅಣ್ಣ ಈ ಸಲ ಒಂದು ಕಂತು ಯೂರಿಯಾ ಬಿಟ್ಟಿದ್ದಾನೆ, ಪೂರ್ತಿ ಬಿಡುವ ಧೈರ್ಯ ಬಂದಿಲ್ಲ. ಬೀಳು ಬಿಡುವ ಮಾತು ಕೊಯ್ಲಿನ ತನಕ ಮುಂದಕ್ಕೆ ಹೋಗಿದೆ.

ಹೊರಡುವಾಗ ಅತ್ತಿಗೆ ಕವರಿನಲ್ಲಿ ಒಂದು ಹಿಡಿ ಹಾಕಿಕೊಟ್ಟರು. ಈಗ ನಮ್ಮ ತಾರಸಿಯ ಟಬ್ಬಿನಲ್ಲಿದೆ, ಮೇಲೆ ಹಳೇ ಸೀರೆ ಕಟ್ಟಿದ್ದೇನೆ.