ಅಳಿಸಿದ ಕಾಗದ

ಗುಮಾಸ್ತನ ಕೋಪಕ್ಕೆ ಬೆಲೆಯಿಲ್ಲವೆನ್ನುವವರುಂಟು. ಬೆಲೆಯಿದೆ, ಅದನ್ನು ತೆರಬೇಕಾದವನೂ ಗುಮಾಸ್ತನೇ ಎಂಬುದನ್ನು ನಾವು ಹೋದ ವರ್ಷ ಕಂಡುಕೊಂಡೆವು. ನಮ್ಮ ಮುಂಬಯಿಯ ಕಚೇರಿಯಲ್ಲಿ ಒಂದು ಕಡತ ಕಾಣೆಯಾಗಿತ್ತು. ಪಕ್ಕದ ಮೇಜಿನ ಹಿರಿಯರೇ ಕಾರಣರೆಂದು ಬಗೆದು, ನಾಲ್ಕು ಖಾರವಾದ ಸಾಲುಗಳ ಈಮೇಲ್ ಬರೆದು, ಶಾಖೆಯವರಿಗೆಲ್ಲ ಪ್ರತಿ ಹಾಕಿ ಕಳುಹಿಸಿಬಿಟ್ಟೆವು. ಅರ್ಧ ಗಂಟೆಯಲ್ಲಿ ಕಡತ ನಮ್ಮದೇ ಮೇಜಿನ ಖಾನೆಯಲ್ಲಿ ಸಿಕ್ಕಿತು! ಗಾಬರಿಯಿಂದ ಕಾಗದವನ್ನು ಹಿಂದಕ್ಕೆ ಕರೆಯುವ ಗುಂಡಿ ಒತ್ತಿದೆವು. 'ಇಂಥವರು ತಮ್ಮ ಕಾಗದವನ್ನು ಹಿಂಪಡೆಯಲಿಚ್ಛಿಸುತ್ತಾರೆ' ಎಂಬ ಸೂಚನೆ ಹೋಯಿತು. ಅದುವರೆಗೆ ಲಕ್ಷ್ಯವಿಡದವರೂ ಹುಡುಕಿ ಓದಿದರು.

ಆ ರಾತ್ರಿ ನಿದ್ರೆ ಬರಲಿಲ್ಲ. ಕಳುಹಿಸಿದ ಕಾಗದವನ್ನು ಅಳಿಸಲು ಯಾರಿಗಾದರೂ ಸಾಧ್ಯವಾಗಿದೆಯೇ ಎಂದು ಈಮೇಲಿನ ಪೂರ್ವಾಪರವನ್ನೇ ಓದತೊಡಗಿದೆವು. 1965ರಲ್ಲಿಯೇ ಅಮೆರಿಕದ ಎಂ.ಐ.ಟಿ.ಯಲ್ಲಿ ಒಂದೇ ಕಂಪ್ಯೂಟರನ್ನು ಹಂಚಿಕೊಂಡವರು ಪರಸ್ಪರ ಕಾಗದ ಬಿಡುವ ಏರ್ಪಾಡಿತ್ತು. 1971ರಲ್ಲಿ ರೇ ಟಾಮ್ಲಿನ್ಸನ್ ಎಂಬಾತ ಒಂದು ಯಂತ್ರದಿಂದ ಮತ್ತೊಂದಕ್ಕೆ ಕಾಗದ ಕಳುಹಿಸಿ, ಅಂಗಡಿಯವರು ದರ ಬರೆಯುವ 'ಅಟ್' ಗುರುತನ್ನು ವಿಳಾಸದ ನಡುವಿಟ್ಟ. 1981ರಲ್ಲಿ ಐ.ಬಿ.ಎಂ. ಕಂಪನಿ 'ಪ್ರಾಫ್ಸ್' ಎಂಬುದನ್ನು ತಂದಿತು: ಕಾಗದ, ದಿನಚರಿ, ಕರಡು ಎಲ್ಲವೂ ಒಂದೇ ಪರದೆಯಲ್ಲಿ.

ವಾಷಿಂಗ್ಟನ್ನಿನ ಶ್ವೇತಭವನದವರೂ ಪ್ರಾಫ್ಸ್ ಬಳಸಿದರು. ಇರಾನಿಗೆ ಗುಟ್ಟಾಗಿ ಶಸ್ತ್ರ ಮಾರಿದ ಸಂಗತಿ 1986ರ ನವೆಂಬರಿನಲ್ಲಿ ಬಯಲಾದಾಗ, ಪಾಯಿಂಡೆಕ್ಸ್ಟರ್ ಮತ್ತು ಆಲಿವರ್ ನಾರ್ತ್ ಎಂಬ ಅಧಿಕಾರಿಗಳು ಸಾವಿರಾರು ಕಾಗದಗಳನ್ನು ಅಳಿಸಿಹಾಕಿದರು. ಪರದೆಯೇನೋ ಶುದ್ಧವಾಯಿತು. ಆದರೆ ಯಂತ್ರ ಕೆಟ್ಟರೆ ಇರಲೆಂದು ಟೇಪುಗಳಲ್ಲಿ ಪ್ರತಿ ತೆಗೆದಿಡುವ ವಾಡಿಕೆಯಿತ್ತು. ಅಳಿಸಿದ ಕಾಗದಗಳು ಅಲ್ಲಿ ತಣ್ಣಗೆ ಕುಳಿತಿದ್ದವು. 1987ರ ತನಿಖಾ ವರದಿಯಲ್ಲಿ ಅಚ್ಚಾದವು. ಆ ಟೇಪುಗಳನ್ನು ನಾಶಮಾಡಬಾರದೆಂದು 1989ರಲ್ಲಿ ದಾವೆಯೂ ಆಯಿತು. ಮುದ್ರಿಸಿ ಕಡತದಲ್ಲಿಟ್ಟರೆ ಸಾಕೆಂಬುದು ಸರಕಾರದ ವಾದ. ಯಾರಿಗೆ ಹೋಯಿತು, ಯಾವಾಗ ತಲುಪಿತು ಎಂಬುದು ಮುದ್ರಿತ ಪ್ರತಿಯಲ್ಲಿ ಬಿಟ್ಟುಹೋಗಬಹುದು, ಆದ್ದರಿಂದ ಸಾಲದು ಎಂದಿತು 1993ರಲ್ಲಿ ಮೇಲ್ಮನವಿ ನ್ಯಾಯಾಲಯ. ಆವಕ-ಜಾವಕದ ವಹಿ ಬರೆದ ನಮಗೆ ಈ ಮಾತನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಮರುದಿನ ಹಿರಿಯರ ಮುಂದೆ ಹೋಗಿ ನಿಂತೆವು. ಧಾರವಾಡದ ಕಡೆಯವರು, ನಿವೃತ್ತಿಗೆ ಮೂರು ತಿಂಗಳಿತ್ತು. "ತಪ್ಪಾತ್ರೀ, ಅದನ್ನ ಅಳಿಸಿಬಿಡ್ರಿ" ಎಂದೆವು.

ಅವರು ಕನ್ನಡಕ ತೆಗೆದಿಟ್ಟು, "ಅಳಿಸೂದ್ಯಾಕೋ ತಮ್ಮಾ? ಟಿಪ್ಪಣಿ ಹಾಳ್ಯಾಗ ತಪ್ಪಾದರ ಕೆಳಗ ಇನ್ನೊಂದು ಬರೀತೀವಲ್ಲ, ಹಂಗ ಬರಿ" ಎಂದರು.

ಬರೆದೆವು. ಕಡತ ನಮ್ಮಲ್ಲಿಯೇ ಇತ್ತು, ತಪ್ಪು ನಮ್ಮದು. ಪ್ರತಿ, ಮೊದಲಿನವರೆಲ್ಲರಿಗೂ.

ಹಿರಿಯರು ಈಗ ಊರಿನಲ್ಲಿದ್ದಾರೆ. ಎರಡು ಕಾಗದಗಳೂ ನಮ್ಮಲ್ಲಿವೆ. ಮೊದಲನೆಯದನ್ನು ಕಂಡಾಗಲೆಲ್ಲ ಅಳಿಸುವ ಮನಸ್ಸಾಗುತ್ತದೆ. ಆದರೆ ಅದಿಲ್ಲದೆ ಎರಡನೆಯದಕ್ಕೆ ಅರ್ಥವಿಲ್ಲವಲ್ಲ!